ಗರಡಿಯ ಹೊಸ್ತಿಲು ಮತ್ತು ಮೊಳೆಯಿಲ್ಲದ ಬೂಟು

ಬೈಲಹೊಂಗಲದ ಪೇಟೆಯ ಒಂದು ತಿರುವಿನಲ್ಲಿ, ಹರಿದ ಛತ್ರಿಯ ನೆರಳನ್ನೇ ಅಂಗಡಿಯಾಗಿ ಮಾಡಿಕೊಂಡು ಕುಳಿತಿದ್ದ ಸಮಗಾರ ಕಸುಬಿನ ವೃದ್ಧರೊಬ್ಬರ ಮುಂದೆ, ಹರಿದ ಕೊಲ್ಹಾಪುರಿ ಕೆರಗಳ, ಬಾರು ಕಿತ್ತ ಶಾಲಾಚೀಲಗಳ ನಡುವೆ, ಕಣಕಾಲನ್ನು ಮುಚ್ಚುವಷ್ಟು ಎತ್ತರದ ನೀಲಿ ಬಣ್ಣದ ಕುಸ್ತಿಯ ಬೂಟುಗಳೆರಡು ಬಿದ್ದಿದ್ದುದನ್ನು ಕಂಡಾಗ ನನಗಾದ ಆನಂದವನ್ನು ಓದುಗರು ಮೊದಲೇ ಮನ್ನಿಸಬೇಕು. ಏಕೆಂದರೆ ಯುದ್ಧವಿದ್ಯೆಯ ಅಭ್ಯಾಸಕ್ಕೆ ಯೋಗ್ಯವಾದ ಪಾದರಕ್ಷೆ ಯಾವುದೆಂಬ ಈ ಲೇಖನದಲ್ಲಿ ಆ ಬೂಟುಗಳೇ ತಮ್ಮ ಪಾಲಿಗಿಂತ ಹೆಚ್ಚಿನ ಸ್ಥಳವನ್ನು ಆಕ್ರಮಿಸಲಿವೆ.

ನಾನು ಊರಿಗೆ ಬಂದುದು ರಾಣಿ ಚನ್ನಮ್ಮನ ಸಮಾಧಿಯ ದರ್ಶನಕ್ಕೆಂದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದುದು, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟುದು, ಬೈಲಹೊಂಗಲದ ಸೆರೆಯಲ್ಲಿಯೇ 1829ರ ಫೆಬ್ರವರಿಯಲ್ಲಿ ರಾಣಿಯು ತೀರಿಕೊಂಡುದು, 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದುದು, ಇವೆಲ್ಲ ಈ ಸೀಮೆಯ ಶಾಲಾಬಾಲಕರಿಗೂ ಕಂಠಪಾಠವಾದ ಸಂಗತಿಗಳಾದುದರಿಂದ ಇಲ್ಲಿ ವಿಸ್ತರಿಸಲಾರೆ. ಸಮಾಧಿಗೆ ಕೈಮುಗಿದು ಹೊರಬಂದವನು ನನ್ನ ಚಪ್ಪಲಿಯ ಉಂಗುಷ್ಠ ಹೊಲಿಸಲೆಂದು ಆ ಛತ್ರಿಯ ಕೆಳಗೆ ಕುಳಿತೆ. ಕುಳಿತವನು ಮಧ್ಯಾಹ್ನದವರೆಗೆ ಏಳಲಿಲ್ಲ.

ಬೂಟುಗಳು ಹತ್ತಿರದ ಹಳ್ಳಿಯ ಒಬ್ಬ ತರುಣ ಪೈಲ್ವಾನನವು. ಊರ ಗರಡಿಯ ಮಣ್ಣಿನಲ್ಲಿ ಬರಿಗಾಲಲ್ಲಿ ಪಳಗಿದ ಹುಡುಗ. ಈಗ ಸ್ಪರ್ಧೆಗಳು ಹೆಚ್ಚಾಗಿ ಮ್ಯಾಟಿನ ಮೇಲೆ ನಡೆಯುವುದರಿಂದ ಬೂಟು ಕೊಳ್ಳಬೇಕಾಯಿತು. ಆದರೆ ಮಣ್ಣಿನಲ್ಲಿ ಹೆಬ್ಬೆರಳನ್ನೂರಿ ಕಾಲೆಳೆಯುವ ಅಭ್ಯಾಸವು ಬೂಟು ತೊಟ್ಟ ಮಾತ್ರಕ್ಕೆ ಹೋಗುವುದೇ? ಎರಡೂ ಬೂಟುಗಳು ಹೆಬ್ಬೆರಳಿನ ಬದಿಯಲ್ಲಿಯೇ ಸವೆದು ಬಾಯ್ಬಿಟ್ಟಿದ್ದವು. ವೃದ್ಧರು ಆ ಜಾಗಕ್ಕೆ ತೆಳ್ಳಗೆ ಹೆರೆದ ಚರ್ಮದ ತೇಪೆಯನ್ನಿಟ್ಟು ದಾರದಿಂದ ಹೊಲಿಯುತ್ತಿದ್ದರು.

“ಇದಕ್ಕ ಎರಡು ಮೊಳಿ ಹೊಡದ್ರ ಗಟ್ಟಿ ಆಗ್ತಿದ್ದಿಲ್ಲೇನ್ರಿ ಕಾಕಾ?” ಎಂದು ಕೇಳಿದೆ.

“ಮೊಳಿ ಹೊಡದ್ರ ಹುಡುಗನ್ನ ಅಖಾಡದಾಗ ಬಿಡಂಗಿಲ್ರಿ ಸರ. ಕೆರಕ್ಕೂ ನಮ್ಮಪ್ಪ ಮೊಳಿ ಹೊಡದಾಂವಲ್ಲ, ಇದಕ್ಯಾಕ ಹೊಡೀಲಿ?” ಎಂದರು, ತಲೆಯೆತ್ತದೆ.

ಈ ಉತ್ತರವು ನನ್ನನ್ನು ಬೆರಗುಗೊಳಿಸಿತು. ಕುಸ್ತಿಯ ಜಾಗತಿಕ ಸಂಸ್ಥೆಯಾದ ಯುನೈಟೆಡ್ ವರ್ಲ್ಡ್ ರೆಸ್ಲಿಂಗ್‌ನ ನಿಯಮಾವಳಿಯು ಮಲ್ಲನ ಬೂಟು ಕಣಕಾಲಿಗೆ ಬಿಗಿಯಾದ ಆಧಾರ ಕೊಡಬೇಕೆಂದೂ, ಅದಕ್ಕೆ ಎತ್ತರದ ಹಿಮ್ಮಡಿಯಾಗಲಿ, ಮೊಳೆ ಹೊಡೆದ ಅಟ್ಟೆಯಾಗಲಿ, ಬಕಲಾಗಲಿ, ಲೋಹದ ಯಾವ ಭಾಗವೇ ಆಗಲಿ ಇರಕೂಡದೆಂದೂ, ಲೇಸುಗಳು ಪಂದ್ಯದ ನಡುವೆ ಬಿಚ್ಚಿಕೊಳ್ಳದಂತೆ ಭದ್ರಪಡಿಸತಕ್ಕದ್ದೆಂದೂ ವಿಧಿಸುತ್ತದೆ. ನಿಯಮಪುಸ್ತಕದ ಪಂಡಿತರು ಎದುರಾಳಿಯ ಚರ್ಮ ಹರಿಯಬಾರದೆಂಬ ವಿಚಾರದಿಂದ ತಲುಪಿದ ನಿರ್ಣಯಕ್ಕೆ ನಮ್ಮ ಬೆಳಗಾವಿ ಸೀಮೆಯ ಚರ್ಮಕಾರರು, ಬೇರೊಂದು ದಾರಿಯಿಂದ, ಬಹುಕಾಲದ ಹಿಂದೆಯೇ ತಲುಪಿದ್ದರು. ಕೊಲ್ಹಾಪುರಿ ಕೆರದಲ್ಲಿ ಸಾಂಪ್ರದಾಯಿಕವಾಗಿ ಮೊಳೆಯಿಲ್ಲ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಳಿಸಿದ ಎಮ್ಮೆಯ ತೊಗಲಿನ ಪದರಗಳನ್ನು ತೊಗಲಿನ ದಾರದಿಂದಲೇ ಹೊಲಿದು ಕೂಡಿಸುತ್ತಾರೆ.

ಹೆಸರಿಗೆ ಕೊಲ್ಹಾಪುರಿಯಾದರೂ ಅದು ನಮ್ಮದೂ ಹೌದು. 2019ರಲ್ಲಿ ಈ ಪಾದರಕ್ಷೆಗೆ ದೊರೆತ ಭೌಗೋಳಿಕ ಸೂಚ್ಯಂಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿಯ ಕುಶಲಕರ್ಮಿಗಳ ಕೈ ಬಲ್ಲವರಿಗೆ ಇದು ಹೊಸ ಮಾತಲ್ಲ. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಇದೇ ಮಾದರಿಯ ಚಪ್ಪಲಿಗಳನ್ನು ಮಿಲಾನಿನ ವೇದಿಕೆಯಲ್ಲಿ ಮೂಲದ ಹೆಸರೆತ್ತದೆ ಮೆರೆಸಿ, ಗದ್ದಲವೆದ್ದ ಮೇಲೆ ಮಹಾರಾಷ್ಟ್ರದ ಮತ್ತು ನಮ್ಮ ರಾಜ್ಯದ (ಲಿಡ್ಕರ್) ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದಕ್ಕೆ ಬಂದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಭಿಮಾನವೇನೋ ಸರಿ, ಆದರೆ ಅಭ್ಯಾಸಕ್ಕೆ ಈ ಕೆರ ಯೋಗ್ಯವೇ ಎಂದರೆ, ಅದರ ಮೇಲೆ ನನಗಿರುವ ಸಕಲ ಪ್ರೀತಿಯನ್ನೂ ಬದಿಗಿಟ್ಟು, ಅಲ್ಲವೆಂದೇ ಹೇಳಬೇಕು. ಹಿಮ್ಮಡಿಗೆ ಹಿಂಬಾರಿಲ್ಲ, ಅಟ್ಟೆ ಸುಲಭವಾಗಿ ಬಗ್ಗದು, ಪಕ್ಕಕ್ಕೆ ಹಾರಿದರೆ ಕಾಲು ಒಂದು ಕಡೆ, ಕೆರ ಒಂದು ಕಡೆ. ಗರಡಿಯವರೆಗೆ ಠೀವಿಯಿಂದ ನಡೆದುಹೋಗಲು ಅದಕ್ಕೆ ಸಮನಿಲ್ಲ. ಗರಡಿಯೊಳಗೆ ಅದಕ್ಕೆ ಕೆಲಸವಿಲ್ಲ.

ತೊಗಲಿನ ಮಾತು ಬಂದಾಗ ಈ ನೆಲದಲ್ಲಿ ನಿಂತು ಶರಣ ಡೋಹರ ಕಕ್ಕಯ್ಯನನ್ನು ನೆನೆಯದೆ ಮುಂದೆ ಹೋಗುವುದು ನನ್ನಿಂದಾಗದು. ವಿಷಯಾಂತರವೆಂದು ಸಂಪಾದಕರು ಹುಬ್ಬೇರಿಸಿದರೂ ಚಿಂತೆಯಿಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹದ ಫಲವಾಗಿ ಇಬ್ಬರು ತಂದೆಯರೂ ಪ್ರಾಣದಂಡನೆಗೆ ಗುರಿಯಾಗಿ, ಶರಣರು ಚೆದುರಿ, ಚನ್ನಬಸವಣ್ಣನ ಸಂಗಡಿಗರು ಉಳವಿಯ ಕಡೆಗೆ ಹೊರಟಾಗ, ಬೆನ್ನಟ್ಟಿ ಬಂದ ಸೈನ್ಯವನ್ನು ಮಲಪ್ರಭೆಯ ದಂಡೆಯ ಕಾದರವಳ್ಳಿಯ ಪರಿಸರದಲ್ಲಿ ಎದುರಿಸಿದರೆಂದೂ, ಹಾಗೆ ಹೋರಾಡುತ್ತ ಹೋದವರಲ್ಲಿ ತೊಗಲು ಹದಮಾಡುವ ಕಾಯಕದ ಕಕ್ಕಯ್ಯನೂ ಒಬ್ಬನೆಂದೂ ಪರಂಪರೆ ಹೇಳುತ್ತದೆ. ಕಿತ್ತೂರಿನಿಂದ ದೂರವಲ್ಲದ ಕಕ್ಕೇರಿಯಲ್ಲಿ ಅವನ ಸಮಾಧಿಯಿದೆ. ‘ಅಭಿನವ ಮಲ್ಲಿಕಾರ್ಜುನ’ ಎಂಬ ಅಂಕಿತದ ಅವನ ಆರು ವಚನಗಳು ನಮಗೆ ಉಳಿದಿವೆ. ಕೆರಕ್ಕೆ ಬೇಕಾದ ತೊಗಲನ್ನು ಹದಗೊಳಿಸಿದ ಕೈಯೇ ಕತ್ತಿಯನ್ನೂ ಹಿಡಿದ ಈ ಪ್ರಸಂಗವು, ಪಾದರಕ್ಷೆಯನ್ನೂ ಯುದ್ಧವಿದ್ಯೆಯನ್ನೂ ಒಟ್ಟಿಗೆ ಚಿಂತಿಸಲು ಹೊರಟವನಿಗೆ ಇಷ್ಟು ಸಮೀಪದಲ್ಲಿ ಸಿಕ್ಕಿದ ಮೇಲೆ ಬಿಡುವುದಾದರೂ ಹೇಗೆ? ಕೆರವನ್ನು ಹೊಸ್ತಿಲಾಚೆ ಬಿಡಿಸಿದ ಸಮಾಜವು ಕೆರ ಹೊಲಿದವನನ್ನೂ ಬಹುಕಾಲ ಹೊಸ್ತಿಲಾಚೆಯೇ ನಿಲ್ಲಿಸಿತೆಂಬುದನ್ನು ಮರೆತು, ಗರಡಿಯ ಶುಚಿತ್ವವನ್ನು ಮಾತ್ರ ಕೊಂಡಾಡುವುದು ನನಗೆ ಒಗ್ಗದು.

ಆ ಶುಚಿತ್ವ ಮಾತ್ರ ನಿಜವಾದದ್ದು. ವೃದ್ಧರೇ ಹೇಳಿಕಳುಹಿಸಿದ್ದರಿಂದ ಮರುದಿನ ಬೆಳಗಿನ ಜಾವ ಆ ಹುಡುಗನ ಗರಡಿಮನೆಯನ್ನು ಹೊಕ್ಕೆ. ಬಾಗಿಲಾಚೆ ಕೆರ, ರಬ್ಬರಿನ ಚಪ್ಪಲಿ, ಓಟದ ಬೂಟುಗಳ ಸಾಲು. ಒಳಗೆ ಮಾರುತಿಯ ಮೂರ್ತಿ, ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಕುಡಿಸಿ ಜರಡಿ ಹಿಡಿದಷ್ಟು ನುಣುಪಾಗಿಸಿದ ಕೆಮ್ಮಣ್ಣು. ಪ್ರತಿದಿನ ಗುದ್ದಲಿಯಿಂದ ಆ ಮಣ್ಣನ್ನು ಅಗೆದು ಮಗುಚುವುದೇ ಹುಡುಗರ ಮೊದಲ ವ್ಯಾಯಾಮ. ಅಲ್ಲಿನ ವಸ್ತಾದರನ್ನು, ಮುಂದೆ ಮ್ಯಾಟಿಗೆ ಹೋಗುವ ಹುಡುಗರನ್ನು ಮೊದಲಿನಿಂದಲೇ ಬೂಟಿನಲ್ಲಿ ಪಳಗಿಸಬಾರದೇಕೆಂದು ಕೇಳಿದೆ.

“ಕಾಲಿಗೂ ಕಣ್ಣ ಇರ್ತಾವ್ರಿ ಸರ. ಸಣ್ಣಂವಿದ್ದಾಗ ಬೂಟ ಹಾಕಿದ್ರ ಕಣ್ಣಿಗೆ ಪಟ್ಟಿ ಕಟ್ಟಿದಂಗ. ಮೊದಲ ಮಣ್ಣಾಗ ನೋಡೂದು ಕಲೀಲಿ, ಆಮ್ಯಾಲೆ ಬೂಟ ಹಾಕ್ಕೊಳ್ಳಿ.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಅಗೆದು ಸಡಿಲಿಸಿದ ಮಣ್ಣಿನಲ್ಲಿ ಬೆರಳುಗಳು ಊರಿ ನೆಲವನ್ನು ಹಿಡಿಯುತ್ತವೆ. ಬೆವರಿ ನುಣುಪಾದ ಬರಿಗಾಲು ಎದುರಾಳಿಯ ಮುಷ್ಟಿಯಿಂದ ಜಾರಿ ಹೋಗುತ್ತದೆ. ಬೂಟಾದರೋ ಎದುರಾಳಿಗೆ ಹಿಡಿಯಲು ಬಿಗಿಯಾದ ಹಿಮ್ಮಡಿಯೊಂದನ್ನು ತಾನಾಗಿ ಒದಗಿಸಿಕೊಡುತ್ತದೆ. ಕಾಲು ಹಿಡಿಯುವ ಡಾವಿನಲ್ಲಿ ಇದರ ವ್ಯತ್ಯಾಸ ಅನುಭವಸ್ಥರಿಗೆ ಗೊತ್ತು. ಮಣ್ಣಿನಿಂದ ಮ್ಯಾಟಿಗೆ ದಾಟುವ ಈ ಕಷ್ಟ ಇಂದಿನದೇನೂ ಅಲ್ಲ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು ಮಣ್ಣಿನ ಅಖಾಡದಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅಪರಿಚಿತವಾದ ಮ್ಯಾಟಿನ ಮೇಲೆ ಆರನೆಯ ಸ್ಥಾನ ಪಡೆದು, 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ನಮ್ಮ ಬಾಗಲಕೋಟೆ ಸೀಮೆಯ ಅರ್ಜುನ ಹಲಕುರ್ಕಿಯವರು 2020ರಲ್ಲಿ ಏಷ್ಯಾ ಕುಸ್ತಿಯ ಗ್ರೀಕೋ-ರೋಮನ್ ವಿಭಾಗದಲ್ಲಿ ಕಂಚು ತಂದುದನ್ನು ಗರಡಿಗಳಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಹಾಗಾದರೆ ಮ್ಯಾಟಿನ ಬೂಟನ್ನು ಆರಿಸುವುದು ಹೇಗೆ? ಅಂಗಡಿಯವನು ಬಣ್ಣವನ್ನೂ ಬೆಲೆಯನ್ನೂ ಹೇಳುವುದಕ್ಕೆ ಮುಂಚೆ ಅಟ್ಟೆಯನ್ನು ಕೈಯಲ್ಲಿ ಬಗ್ಗಿಸಿ ನೋಡತಕ್ಕದ್ದು: ಅದು ಬೆರಳುಗಳ ಬುಡದಲ್ಲಿ ಬಗ್ಗಬೇಕು, ಪಾದದ ನಡುವೆ ಮುರಿದು ಮಡಚಿಕೊಳ್ಳಬಾರದು. ಅಟ್ಟೆ ತೆಳ್ಳಗೂ ಸಮತಟ್ಟಾಗಿಯೂ ಇರಬೇಕು. ಇಲ್ಲಿಯೇ ಬಹುಜನರು ಎಡವುತ್ತಾರೆ. ರಸ್ತೆಯ ಓಟಕ್ಕೆಂದು ಮಾಡಿದ, ಹಿಮ್ಮಡಿಯಲ್ಲಿ ಮೆತ್ತೆ ತುಂಬಿ ಎತ್ತರಿಸಿದ ಬೂಟು ಮುಂದಕ್ಕೆ ಓಡುವವನಿಗೆ ಹಿತ. ಪಕ್ಕಕ್ಕೆ ಸರಿದು, ಒಂದು ಕಾಲಿನ ಮೇಲೆ ತಿರುಗಿ ಒದೆಯುವವನಿಗೆ ಅದೇ ಎತ್ತರವು ಕಣಕಾಲನ್ನು ಹೊರಳಿಸುವ ಅಪಾಯ. ರಬ್ಬರು ಅತಿಯಾಗಿ ಅಂಟುವುದೂ ಒಳ್ಳೆಯದಲ್ಲ. ಮೈ ತಿರುಗಿ ಪಾದ ತಿರುಗದೆ ಕಚ್ಚಿ ನಿಂತರೆ ಆ ತಿರುಚಿನ ಬಲವೆಲ್ಲ ಮೊಣಕಾಲಿನ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಬೆಳಗಿನ ಓಟಕ್ಕೊಂದು, ಮ್ಯಾಟಿಗೊಂದು ಎಂದು ಎರಡು ಜೊತೆ ಇಟ್ಟುಕೊಳ್ಳುವುದು ಆಡಂಬರವೆನಿಸಿದರೂ, ಬೀದಿಯ ಧೂಳನ್ನು ಮ್ಯಾಟಿಗೆ ಹೊತ್ತು ತಂದು ಎಲ್ಲರಿಗೂ ಗಜಕರ್ಣ ಹಂಚುವುದಕ್ಕಿಂತ ಅದೇ ಮೇಲು. ಹೊಸ್ತಿಲಲ್ಲಿ ಕೆರ ಬಿಡುವ ನಮ್ಮವರ ನಿಯಮವನ್ನೂ, ಅಭ್ಯಾಸದ ಚಾಪೆಯಿಂದ ಇಳಿದೊಡನೆ ಚಪ್ಪಲಿ ಮೆಟ್ಟುವ ಜೂಡೋದವರ ನಿಯಮವನ್ನೂ ಒಟ್ಟಿಗಿಟ್ಟು ನೋಡಿದರೆ ಭಕ್ತಿಗೂ ಆರೋಗ್ಯಕ್ಕೂ ಇಲ್ಲಿ ಜಗಳವಿಲ್ಲ.

ಒಂದೇ ನಿಯಮವನ್ನು ಎಲ್ಲೆಡೆ ಹೇರುವವರಿಗೆ ಕಿತ್ತೂರು ಒಳ್ಳೆಯ ಉತ್ತರ ಕೊಡುತ್ತದೆ. 1969ರಲ್ಲಿ ಅಲ್ಲಿ ಆರಂಭವಾದ ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ವಸತಿ ಶಾಲೆಯಲ್ಲಿ ಕುದುರೆ ಸವಾರಿಯೂ ಉಂಟು, ಕರಾಟೆಯೂ ಉಂಟು. ಮಲ್ಲನ ಬೂಟಿನಲ್ಲಿ ನಿಷಿದ್ಧವಾದ ಹಿಮ್ಮಡಿಯೇ ಸವಾರಳ ಬೂಟಿನಲ್ಲಿ ಅತ್ಯಗತ್ಯ. ಅದಿಲ್ಲದಿದ್ದರೆ ಪಾದವು ರಿಕಾಪಿನೊಳಗೆ ಪೂರ್ತಿ ಜಾರಿ ಸಿಕ್ಕಿಕೊಂಡು, ಬಿದ್ದವಳನ್ನು ಕುದುರೆ ಎಳೆದೊಯ್ಯಬಹುದು. ಅದೇ ಬಾಲಕಿ ಕರಾಟೆಯ ಅಭ್ಯಾಸಕ್ಕೆ ಬಂದಳೆಂದರೆ ಬೂಟನ್ನು ಕಳಚಿ ಬರಿಗಾಲಲ್ಲಿ ನಿಲ್ಲಬೇಕು. ಬೆಳಗಾವಿಯ ತುರಮುರಿಯ ಮಲಪ್ರಭಾ ಜಾಧವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯ ಪ್ರಕಾರದಲ್ಲಿ ಕಂಚು ಗೆದ್ದುದೂ ಬರಿಗಾಲಲ್ಲಿಯೇ. ಈ ಸೀಮೆಯ ನದಿಯ ಹೆಸರನ್ನು ಹೊತ್ತವರೆಂಬ ಕಾರಣಕ್ಕೆ ನನಗೆ ಆ ಗೆಲುವು ಇನ್ನಷ್ಟು ಪ್ರಿಯ.

ಬರಿಗಾಲಿನ ಮಹಿಮೆಯನ್ನು ಇಷ್ಟು ಹೇಳಿದವನು ಅದರ ಅತಿರೇಕವನ್ನೂ ಹೇಳಬೇಕು. ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಭಕ್ತರು ಬರಿಗಾಲಲ್ಲಿ ಏರುವುದು, ರಾಮದುರ್ಗ ಸೀಮೆಯ ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಪುರವಂತರು ಖಡ್ಗ ಹಿಡಿದು ಬರಿಗಾಲಲ್ಲಿ ಕುಣಿಯುವುದು ಹರಕೆಯ ಮಾತು, ಅಲ್ಲಿ ತರ್ಕಕ್ಕೆ ಎಡೆಯಿಲ್ಲ. ಆದರೆ ಊರೂರಿನ ಶಾಲಾ ಮೈದಾನಗಳಲ್ಲಿ ಸಂಜೆ ನಡೆಯುವ ಕರಾಟೆಯ ತರಗತಿಗಳಲ್ಲಿ, ಗರಸು ಕಲ್ಲು, ಜಾಲಿಮುಳ್ಳು, ಒಡೆದ ಸೀಸೆಯ ಚೂರುಗಳ ನಡುವೆ ಎಂಟು ಹತ್ತು ವರ್ಷದ ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ ಅದನ್ನೇ ಸಂಪ್ರದಾಯವೆಂದು ಕರೆಯುವುದನ್ನು ನಾನು ಒಪ್ಪಲಾರೆ. ಜಪಾನಿನ ಬರಿಗಾಲು ಒರೆಸಿ ಹೊಳೆಯಿಸಿದ ಮರದ ನೆಲದ ಬರಿಗಾಲು. ನಮ್ಮ ಗರಡಿಯ ಬರಿಗಾಲು ಜರಡಿ ಹಿಡಿದ ಮಣ್ಣಿನ ಬರಿಗಾಲು. ಸವದತ್ತಿಯಲ್ಲಿ ಹೀಗೊಂದು ತರಗತಿಯ ಶಿಕ್ಷಕರೊಡನೆ ಈ ಕುರಿತು ನನಗೆ ಸ್ವಲ್ಪ ವಾದವೇ ಆಯಿತು. ಬೂಟು ಹಾಕಿಸಿದರೆ ಒದೆತ ಜೊತೆಗಾರನಿಗೆ ನೋಯುವುದೆಂಬುದು ಅವರ ಆಕ್ಷೇಪ, ಅದು ನ್ಯಾಯವಾದುದೇ. ಕೊನೆಗೆ ಮೈದಾನದಲ್ಲಿ ಒಬ್ಬೊಬ್ಬರೇ ಮಾಡುವ ಅಭ್ಯಾಸಕ್ಕೆ ಶಾಲೆಯ ಕವಾಯತಿನ ಬಿಳಿಯ ಕ್ಯಾನ್ವಾಸ್ ಬೂಟು, ಜೊತೆಗಾರನೊಡನೆ ಮಾಡುವುದಕ್ಕೆ ಕೊಠಡಿಯೊಳಗೆ ಬರಿಗಾಲು ಎಂಬಲ್ಲಿಗೆ ಇಬ್ಬರೂ ಬಂದು ನಿಂತೆವು.

ಆ ಬಡ ಕ್ಯಾನ್ವಾಸ್ ಬೂಟನ್ನು ಯಾರೂ ಹೊಗಳುವುದಿಲ್ಲ. ಆದರೆ ಅದರಲ್ಲಿ ಬೇಕಾದ ಗುಣಗಳೆಲ್ಲ ಇವೆ: ತೆಳು ರಬ್ಬರಿನ ಸಮತಟ್ಟಾದ ಅಟ್ಟೆ, ಹಗುರ, ಗಾಳಿಯಾಡುವ ಬಟ್ಟೆ. ಚೀನದ ವೂಶೂ ಅಭ್ಯಾಸಿಗಳು ಬಳಸುವ ಶಾಂಘೈ ಮೂಲದ ‘ಫೇಯುವೆ’ ಬೂಟಿನ ರಚನೆಯೂ ಬಹುಮಟ್ಟಿಗೆ ಇದೇ. ಮಳೆಗಾಲದಲ್ಲಿ ಈ ಭಾಗದ ಎರೆಮಣ್ಣು ಅಟ್ಟೆಗೆ ಮೆತ್ತಿಕೊಂಡರೆ ಯಾವ ಬೂಟೂ ನಡೆಯದೆಂಬುದು ಬೇರೆ ಮಾತು. ಆ ದಿನಗಳಲ್ಲಿ ಬಯಲಿನ ಅಭ್ಯಾಸವನ್ನೇ ನಿಲ್ಲಿಸುವುದು ಲೇಸು. ಕೊಳ್ಳುವಾಗ ಸಾಯಂಕಾಲ ಹೋಗಬೇಕು, ದಿನವಿಡೀ ನಡೆದ ಪಾದ ಆಗ ಸ್ವಲ್ಪ ಉಬ್ಬಿರುತ್ತದೆ. ಅಭ್ಯಾಸದಲ್ಲಿ ತೊಡುವ ಕಾಲುಚೀಲವನ್ನೇ ತೊಟ್ಟು, ಎರಡೂ ಕಾಲಿಗೆ ಹಾಕಿ, ಬೆರಳುಗಳು ಒಳಗೆ ಅಗಲವಾಗಿ ಹರಡುವವೋ ಎಂದು ನೋಡಬೇಕು. ಬೆವರಿದ ಬೂಟನ್ನು ಚೀಲದಲ್ಲಿ ಮುಚ್ಚಿಡದೆ ನೆರಳಿನಲ್ಲಿ ಆರಿಸಬೇಕು. ಸುಡುಬಿಸಿಲಿಗೆ ಅಂಟು ಬಿಡುತ್ತದೆ. ಇನ್ನು ಅಣ್ಣನ ಬೂಟನ್ನು ತಮ್ಮನಿಗೆ ದಾಟಿಸುವ ನಮ್ಮ ಮನೆಗಳ ರೂಢಿ ಶಾಲೆಯ ಬೂಟಿಗೆ ನಡೆದೀತು. ಅಭ್ಯಾಸದ ಬೂಟಿನಲ್ಲಿ ಅಣ್ಣ ಯಾವ ಬದಿಗೆ ಭಾರ ಹಾಕಿದನೋ ಆ ಬದಿ ಸವೆದಿರುತ್ತದೆ, ತಮ್ಮನೂ ಆ ಬದಿಗೇ ವಾಲುವನು. ಬೆಳೆಯುತ್ತಿರುವ ಮಗುವಿಗೆ ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲದ ಜಾಗವುಳ್ಳ ಹೊಸದನ್ನೇ, ಅಗ್ಗದ್ದಾದರೂ ಸರಿ, ಕೊಡಿಸತಕ್ಕದ್ದು.