ಮೂಲೆಮಟ್ಟದಿಂದ ಶುರುವಾದ ಮಿಷನ್

ಶಿವಮೊಗ್ಗದಿಂದ ಭದ್ರಾವತಿ ಕಡೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಮಲವಗೊಪ್ಪ ಸಿಗುತ್ತದೆ. ಇಲ್ಲಿನ ಸಕ್ಕರೆ ಕಾರ್ಖಾನೆ ನಿಂತು ಎಷ್ಟೋ ವರ್ಷಗಳಾಗಿವೆ, ಆದರೂ ಜನ ಈಗಲೂ ಅದರ ಹೆಸರು ಹೇಳಿಯೇ ದಾರಿ ತೋರಿಸುತ್ತಾರೆ. ಅಲ್ಲೇ ಒಳಗಿನ ಬೀದಿಯೊಂದರ ಶೀಟಿನ ಮಾಡಿನಡಿ ಬಡಗಿಯೊಬ್ಬರ ಕೆಲಸದ ಕೊಟ್ಟಿಗೆ. ಒಳಗೆ ಕಾಲಿಟ್ಟರೆ ಸಾಗುವಾನಿ ಹೊಟ್ಟಿನ ಎಣ್ಣೆಘಾಟು, ಫೆವಿಕಾಲ್ ವಾಸನೆ, ಅದರ ಮೇಲೊಂದು ಪದರವಾಗಿ ವೈರಿಗೆ ಬೆಸುಗೆ ಹಾಕಿದ ಹೊಗೆ. ಗೋಡೆಯ ಮೇಲೆ ಉಳಿಗಳು ಸಾಲಾಗಿ ತೂಗುತ್ತಿವೆ. ನೆಲದ ಮೇಲೆ ಅಪ್ಪ ಮಗ ಇಬ್ಬರೂ ಕುಕ್ಕರಗಾಲಲ್ಲಿ ಕೂತು ಹಲಗೆಯ ಚೌಕಟ್ಟೊಂದನ್ನು ನೋಡುತ್ತಿದ್ದಾರೆ. ಮಗ ಡಿಪ್ಲೊಮಾ ಓದಿದವನು. ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ಮಿಷನ್ನನ್ನು ಮನೆಯಲ್ಲೇ ಕಟ್ಟುವ ಹಟ ಅವನದು.

"ಮೊದ್ಲು ಮೂಲೆ ನೋಡೋ, ವೈರು ಆಮೇಲೆ" ಎನ್ನುತ್ತಾರೆ ಅಪ್ಪ. ಒಂದೂವರೆ ಅಡಿ ಅಗಲ, ಎರಡು ಅಡಿ ಉದ್ದದ ಚೌಕಟ್ಟು. ಹದಿನೆಂಟು ಮಿಲಿಮೀಟರ್ ಎಂಡಿಎಫ್ ಹಲಗೆಯದು. ಟೇಪು ಹಿಡಿದು ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯುತ್ತಾರೆ, ಆಮೇಲೆ ಇನ್ನೊಂದು ಜೋಡಿ ಮೂಲೆ. ಎರಡೂ ಕಡೆ ಸರಿಯಾಗಿ ಎರಡೂವರೆ ಅಡಿ ಬಂದರೆ ಮೂಲೆ ಮಟ್ಟ. ದಾರಂದ ಕೂರಿಸುವಾಗ ಮಾಡಿಕೊಂಡು ಬಂದ ಲೆಕ್ಕವೇ ಇದು. ಒಂದು ಕಡೆ ಕೂದಲೆಳೆಯಷ್ಟು ಜಾಸ್ತಿ ಬಂತು. ಸ್ಕ್ರೂ ಸಡಿಲಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿಸಿದರು. ಎಂಡಿಎಫ್ ಮಲೆನಾಡಿನ ಮಳೆಗಾಲಕ್ಕೆ ಉಬ್ಬಿಕೊಳ್ಳುತ್ತದೆಂದು ಅಂಚಿಗೆಲ್ಲ ಎರಡು ಕೈ ಸೀಲರ್ ಬಳಿದಿದ್ದಾರೆ. ಕಡಿಮೆ ಖರ್ಚಿನ ಮಿಷನ್ ಕಟ್ಟಹೊರಟವರು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಕಂಡಂತೆ ಮಿಷನ್ನಿನ ಹಣೆಬರಹ ತೀರ್ಮಾನವಾಗುವುದು ಈ ಚೌಕಟ್ಟಿನಲ್ಲೇ. ಅದು ಅಲುಗಿದರೆ ಎಷ್ಟು ಒಳ್ಳೆಯ ಮೋಟರ್ ಹಾಕಿದರೂ ಗೆರೆ ನಡುಗುತ್ತದೆ.

ಉಳಿದದ್ದು ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು. ಆರ್ಡುಯಿನೊ ಉನೊ ಬೋರ್ಡು, ಅದರ ತಲೆಯ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್, ಬೆರಳ ತುದಿಯಷ್ಟು ಚಿಕ್ಕ ಡ್ರೈವರ್‌ಗಳು, ನೆಮಾ 17 ಮೋಟರ್‌ಗಳು, ಇವಕ್ಕೆಲ್ಲ ಕರೆಂಟ್ ಕೊಡುವ ಎಸ್‌ಎಂಪಿಎಸ್. ಮೋಟರ್ ಒಂದು ಸುತ್ತು ತಿರುಗುವುದು 200 ಹೆಜ್ಜೆಗಳಲ್ಲಿ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3200. ಅಷ್ಟರಲ್ಲಿ ಉದ್ದದ ಸ್ಕ್ರೂ 8 ಮಿಲಿಮೀಟರ್ ದೂಡುತ್ತದೆ, ಅಂದರೆ ಒಂದು ಮಿಲಿಮೀಟರಿಗೆ 400 ಪುಟ್ಟ ಹೆಜ್ಜೆ. ಮಗ ಈ ಸಂಖ್ಯೆಯನ್ನು ಸೀಸದಕಡ್ಡಿಯಲ್ಲಿ ಹಲಗೆಯ ಮೇಲೇ ಬರೆದಿಟ್ಟಿದ್ದಾನೆ. ಕರೆಂಟ್ ಇರುವಾಗ ಮೋಟರಿನ ವೈರು ಕಿತ್ತರೆ ಡ್ರೈವರ್ ಸುಡುತ್ತದೆ ಎಂದು ಅಪ್ಪನಿಗೂ ಪಾಠವಾಗಿದೆ. ಕೊರೆಯುವ ಕೆಲಸಕ್ಕೆ ಹೊಸದೇನನ್ನೂ ಕೊಂಡಿಲ್ಲ. ಸನ್‌ಮೈಕಾ ಅಂಚು ಹೊಡೆಯುವ ಟ್ರಿಮ್ಮರ್ ಇತ್ತು, ಅದನ್ನೇ ಕ್ಲಾಂಪಿನಲ್ಲಿ ನಿಲ್ಲಿಸಿದ್ದಾರೆ. ಎಲ್ಲ ಸೇರಿ ಹದಿನೈದಿಪ್ಪತ್ತು ಸಾವಿರದ ಆಸುಪಾಸು. ನಾಲ್ಕಡಿಗೆ ಎಂಟಡಿಯ ಕಾರ್ಖಾನೆ ಮಿಷನ್ ಬೇಕೆಂದರೆ ಲಕ್ಷಗಳ ಮಾತು.

ಆರ್ಡುಯಿನೊ ಬೋರ್ಡನ್ನು ಆಳುವ ಗರ್ಬಲ್ ಎಂಬ ಸಾಫ್ಟ್‌ವೇರನ್ನು 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಶುರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂಥ ಮಿಷನ್ನನ್ನು ಮೊದಲು ತೋರಿಸಿದಾಗ ಅದು ರಂಧ್ರ ಹೊಡೆದ ಪಟ್ಟಿ ಓದಿ ನಡೆಯುತ್ತಿತ್ತು. ಇವತ್ತು ಮಲವಗೊಪ್ಪದ ಹುಡುಗನೊಬ್ಬ ಹಳೆಯ ಲ್ಯಾಪ್‌ಟಾಪಿನಲ್ಲಿ 'ಜಿ1 ಎಕ್ಸ್50 ಎಫ್600' ಎಂದು ಒತ್ತಿದರೆ ಸಾಕು: ಎಕ್ಸ್ ದಿಕ್ಕಿನಲ್ಲಿ 50 ಮಿಲಿಮೀಟರ್ ಗುರುತಿಗೆ ನೆಟ್ಟಗೆ ಹೋಗು, ನಿಮಿಷಕ್ಕೆ 600ರ ವೇಗದಲ್ಲಿ ಎಂದರ್ಥ. ಸೊನ್ನೆಯಿಂದ ಹೊರಟರೆ ಐದು ಸೆಕೆಂಡಿನ ಪಯಣ.

ಆದರೆ ಟ್ರಿಮ್ಮರಿಗೆ ಇನ್ನೂ ಬಿಟ್ ಹಾಕಿಲ್ಲ. ಅದರ ಜಾಗದಲ್ಲಿ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಬಾಲ್‌ಪೆನ್, ಕೆಳಗೆ ಹಳೆಯ ಕ್ಯಾಲೆಂಡರಿನ ಹಿಂಬದಿ. ಹೊಸಬರು ಯಾರೇ ಆಗಲಿ ಇಲ್ಲಿಂದಲೇ ಶುರು ಮಾಡಬೇಕು. ಮೋಟರ್ ಸಣ್ಣ ದನಿಯಲ್ಲಿ ಗುಂಯ್ ಎಂದು ರಾಗ ಎಳೆಯುತ್ತದೆ, ತಿರುವಿನಲ್ಲಿ ಸ್ವರ ಬದಲಾಗುತ್ತದೆ, ಕಾಗದದ ಮೇಲೊಂದು ಚೌಕ ಮೂಡುತ್ತದೆ. ವೃತ್ತ ಬರೆದರೆ ಮೊಟ್ಟೆಯಾಗಿದೆಯೇ, ಹೊರಟ ಬಿಂದುವಿಗೇ ಬಂದು ಸೇರಿದೆಯೇ? ಚೌಕವನ್ನಂತೂ ಅಪ್ಪ ಮೂಲೆಮಟ್ಟ ಇಟ್ಟೇ ನೋಡುವುದು. ಇಲ್ಲಿ ಎಡವಿದರೆ ಹಾಳಾಗುವುದು ಒಂದು ಕಾಗದ, ಬಿಟ್ಟೂ ಅಲ್ಲ ಬೆರಳೂ ಅಲ್ಲ.

ಮರದ ಸರದಿ ಬಂದಾಗ ಗದ್ದಲವೇ ಬೇರೆ. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ, ಕೈಗೆಟಕುವಲ್ಲಿ ಕೆಂಪು ಸ್ವಿಚ್ಚು. ಮೂರು ಮಿಲಿಮೀಟರಿನ ಬಿಟ್ ಒಂದು ಸಲಕ್ಕೆ ಒಂದೇ ಮಿಲಿಮೀಟರ್ ಆಳಕ್ಕಿಳಿಯುತ್ತದೆ. ಅದಕ್ಕಿಂತ ಆಸೆಪಟ್ಟರೆ ಟಕ್ಕೆಂದು ಮುರಿಯುತ್ತದೆ, ಇಲ್ಲವೇ ಮೋಟರ್ ಹೆಜ್ಜೆ ತಪ್ಪುತ್ತದೆ. ಅಪ್ಪ ಕಿವಿಗೊಟ್ಟಿದ್ದಾರೆ. ಎಳೆಗೆ ಅಡ್ಡ ಕೊಯ್ಯುವಾಗ ದನಿ ಒರಟಾಯಿತೆಂದರೆ "ಸ್ವಲ್ಪ ನಿಧಾನ ಮಾಡೋ ಮಗಾ" ಎನ್ನುತ್ತಾರೆ, ಮಗ ವೇಗ ಇಳಿಸುತ್ತಾನೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಬಿದ್ದದ್ದು ಈ ಸೀಮೆಯ ಕಾಡಿನ ಇದ್ದಿಲು. ಮರಕ್ಕೂ ಲೋಹಕ್ಕೂ ಇಲ್ಲಿ ಹಳೆಯ ನಂಟು. ಆದರೆ ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಈ ಮಿಷನ್ ಮುಟ್ಟಲಾರದು. ಬಿಟ್ ಬರುವುದು ಮೇಲಿನಿಂದ ಮಾತ್ರ, ಬಾಗಿದ ಸೊಂಡಿಲಿನ ಒಳಮೈಗೆ ಅದು ಎಟಕುವುದಿಲ್ಲ. ತಿರುಗುವ ಬಿಟ್ ಒಳಮೂಲೆಯನ್ನು ದುಂಡಗೆ ಬಿಡುತ್ತದೆ, ಅದನ್ನು ಚೂಪು ಮಾಡಲು ಅಪ್ಪನ ಉಳಿಯೇ ಬೇಕು. ಹಾಗಾಗಿ ಸದ್ಯಕ್ಕೆ ಒಪ್ಪಿಕೊಳ್ಳುವುದು ಮನೆಯ ಹೆಸರಿನ ಫಲಕ, ದೇವರಮನೆ ಬಾಗಿಲಿನ ಚಿಕ್ಕ ಜಾಲರಿಯಂಥ ಕೆಲಸಗಳನ್ನು. ದೊಡ್ಡ ಬಾಗಿಲು ಕೇಳಿ ಬಂದವರಿಗೆ ಮಗ ಹೇಳುವುದು ಇಷ್ಟು: ಅದಕ್ಕೆ ನೆಮಾ 23 ಮೋಟರ್, ಕಬ್ಬಿಣದ ಚೌಕಟ್ಟು ಬೇಕು, ಈ ಮಿಷನ್ ದುಡಿದು ಕೊಟ್ಟ ಮೇಲೆ ನೋಡೋಣ.