ಕದ ಹೇಳುವ ಇಸವಿ

ಪೆನ್ಸಿಲ್ವೇನಿಯಾದ ಡಾಯ್ಲ್ಸ್‌ಟೌನಿನ ಮರ್ಸರ್ ಮ್ಯೂಸಿಯಂನಲ್ಲಿ ಹಳೆಯ ಒಲೆಗಳ ಬೀಡು ಕಬ್ಬಿಣದ ಹಲಗೆಗಳಿವೆ. ಕಪ್ಪು ಲೋಹದಲ್ಲಿ ಉಬ್ಬಿ ನಿಂತ ಬೈಬಲ್ ಕತೆಗಳು, ಟ್ಯುಲಿಪ್ ಹೂಗಳು, ಜರ್ಮನ್ ಸಾಲುಗಳು, ಕೆಲವುಗಳಲ್ಲಿ ಇಸವಿ. 18ನೇ ಶತಮಾನದ ನಡುಭಾಗದಲ್ಲಿ ಜರ್ಮನ್ ವಲಸಿಗರ ಮನೆ ಬೆಚ್ಚಗಿಟ್ಟವು ಇವು. ಐದು ಹಲಗೆ ಜೋಡಿಸಿದ ಆ ಪೆಟ್ಟಿಗೆಗೆ ಕದವೇ ಇರಲಿಲ್ಲ! ಗೋಡೆಯಾಚೆಯ ಅಡುಗೆಮನೆಯಿಂದ ಕೆಂಡ ತುಂಬುತ್ತಿದ್ದರು. ಈಚೆಗೆ ಬರುತ್ತಿದ್ದುದು ಬಿಸಿ ಮಾತ್ರ. ಆರನೆಯ ಹಲಗೆ ಸೇರಿದ ಮೇಲೆ ಒಲೆ ಗೋಡೆ ಬಿಟ್ಟು ಕೋಣೆಯೊಳಕ್ಕೆ ಬಂತು, ಅದಕ್ಕೊಂದು ಪುಟ್ಟ ಕದವೂ ಬಂತು. ಹತ್ತು ಹಲಗೆಯ ಒಲೆಯ ಪಕ್ಕಗಳಲ್ಲೂ ಕದ ಕಂಡರೆ ಒಳಗೆ ಬ್ರೆಡ್ ಬೇಯಿಸುವ ಗೂಡಿದೆಯೆಂದು ಅರ್ಥ.

ಹಳೆಯ ಒಲೆ ಎದುರಾದರೆ ನಾನು ಮೊದಲು ನೋಡುವುದು ಕದವನ್ನೇ. ಬೆಂಕಿಯನ್ನು ಬಚ್ಚಿಡಬೇಕೋ, ಕಣ್ತುಂಬ ನೋಡಬೇಕೋ ಎಂದು ಆಯಾ ಕಾಲದವರು ತೀರ್ಮಾನಿಸಿದ್ದು ಅಲ್ಲೇ.

19ನೇ ಶತಮಾನದ ಉತ್ತರಾರ್ಧದವರಿಗೆ ನೋಡುವ ಆಸೆ. ನ್ಯೂಯಾರ್ಕ್ ರಾಜ್ಯದ ಆಲ್ಬನಿ, ಟ್ರಾಯ್ ಊರುಗಳ ಎರಕದ ಕಾರ್ಖಾನೆಗಳಿಂದ ಹೊರಟ ಪಡಸಾಲೆ ಒಲೆಗಳ ಕದಗಳಲ್ಲಿ ಬಳ್ಳಿ, ಕಮಾನು, ನಿಕಲ್ ಹೊಳಪು. ನಡುನಡುವೆ ಕಾಗೆ ಬಂಗಾರದ ತೆಳುವಾದ ಕಿಟಕಿಗಳು. ಬೆಂಕಿಗೆ ಕರಗದ, ಗಾಜಿನಂತೆ ಸಿಡಿಯದ ಆ ಪದರಗಳ ಹಿಂದೆ ಕಲ್ಲಿದ್ದಲು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು. ಒಲೆಯ ಮೈಮೇಲಿನ ಇಸವಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಎಷ್ಟೋ ಬಾರಿ ಅದು ಪೇಟೆಂಟ್ ಸಿಕ್ಕ ವರ್ಷ; ಒಲೆ ಎರಕಗೊಂಡದ್ದು ಆಮೇಲೆ. ಕದವನ್ನೇ ಬದಲಿಸಿರುವುದೂ ಉಂಟು. ಕದದ ಬಳ್ಳಿಯೂ ಪಕ್ಕದ ಹಲಗೆಯ ಬಳ್ಳಿಯೂ ಒಂದೇ ಕೈಯವೇ ಎಂದು ಬೆರಳಾಡಿಸಿ ನೋಡಬೇಕು.

1973ರ ತೈಲ ಬಿಕ್ಕಟ್ಟು ಅಮೆರಿಕನ್ನರನ್ನು ಮತ್ತೆ ಸೌದೆಯತ್ತ ತಿರುಗಿಸಿತು. ಒರೆಗಾನ್‌ನ ಬಾಬ್ ಫಿಶರ್ ರೂಪಿಸಿದ ಒಲೆ ಆ ದಶಕದ ಮುಖ: ದಪ್ಪ ಉಕ್ಕಿನ ಒಡಲು, ಮೆಟ್ಟಿಲಂಥ ಮೇಲ್ಭಾಗ, ಕಿಟಕಿಯಿಲ್ಲದ ಬೀಡು ಕದ. ಆ ಕದದ ಮೇಲಿನ ದುಂಡು ತಿರುಪುಗಳನ್ನು ಸಡಿಲಿಸಿದರೆ ಗಾಳಿ ನುಗ್ಗುತ್ತದೆ, ಬಿಗಿದರೆ ರಾತ್ರಿಯಿಡೀ ಬೆಂಕಿ ಮೆಲ್ಲಗೆ ಉರಿಯುತ್ತದೆ. ಮಾದರಿಗಳ ಹೆಸರು ಪಾಪಾ ಬೇರ್, ಮಾಮಾ ಬೇರ್, ಬೇಬಿ ಬೇರ್. ದೊಡ್ಡದಾದ ಗ್ರಾಂಡ್‌ಪಾ ಬೇರ್‌ಗೆ ಜೋಡಿ ಕದ. ಅವುಗಳ ಮೇಲೆ ಫರ್ ಮರಗಳ ಎರಕ ಎದ್ದು ಕಾಣುತ್ತದೆ.

ಹಾಗೆ ಉಸಿರು ಕಟ್ಟಿ ಉರಿದ ಸೌದೆಯ ಹೊಗೆ ಕಣಿವೆಗಳಲ್ಲಿ ಕವಿಯಿತು. 1988ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಹೊಸ ಒಲೆಗಳ ಹೊಗೆಗೆ ಮಿತಿ ಹಾಕಿತು. ಈಗಿನ ಕದಗಳಲ್ಲಿ ಶಾಖ ತಡೆಯುವ ಸೆರಾಮಿಕ್ ಗಾಜು. ಮಸಿ ಹಿಡಿಯದಂತೆ ಅದರ ಒಳಮೈಗುಂಟ ಗಾಳಿ ಮೇಲಿಂದ ಇಳಿಯುತ್ತದೆ. ಇಂಥ ಒಲೆಯ ಹಿಂಬದಿಯಲ್ಲಿ ಪರೀಕ್ಷೆ ಪಾಸಾದುದನ್ನು ಹೇಳುವ ಲೋಹದ ಪಟ್ಟಿ ಸಿಕ್ಕಿದರೆ ಕಾಲವನ್ನು ಊಹಿಸುವ ಕಷ್ಟವಿಲ್ಲ, ಓದಿಕೊಂಡರಾಯಿತು.