ತಿರುವಿಲ್ಲದ ದಾರಿಯಲ್ಲಿ ನಿಧಾನವಾಗಿ

‘ನಲ್ಲರ್‌ಬಾರ್’ ಎಂಬ ಹೆಸರು ಹುಟ್ಟಿದ್ದು ಲ್ಯಾಟಿನ್ ಭಾಷೆಯಿಂದ. ಮರವಿಲ್ಲದ್ದು ಎಂದು ಅರ್ಥ. ದಕ್ಷಿಣ ಆಸ್ಟ್ರೇಲಿಯದ ಪೋರ್ಟ್ ಆಗಸ್ಟಾದಿಂದ ಈ ಬಯಲಿನ ಮೂಲಕ ಪಶ್ಚಿಮದ ನಾರ್ಸ್‌ಮನ್ ತಲುಪುವ ಐರ್ ಹೆದ್ದಾರಿ ಸುಮಾರು 1,660 ಕಿ.ಮೀ. ಉದ್ದ. ಅದರಲ್ಲಿ 146.6 ಕಿ.ಮೀ. ದೂರ ಒಂದೇ ಒಂದು ತಿರುವೂ ಇಲ್ಲ!

ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡಂತೆ ಕ್ಯಾರವಾನ್ ಎಳೆದು ಸಾಗುವವರು, ರಸ್ತೆಬದಿಯ ತಂಗುದಾಣಗಳಲ್ಲಿ ಬಾಡಿಗೆಯಿಲ್ಲದೆ ರಾತ್ರಿ ಕಳೆಯುತ್ತಾರೆ. ಬೀದಿದೀಪವಿಲ್ಲ, ತಲೆಯ ಮೇಲೆ ನಕ್ಷತ್ರಗಳ ಜಾತ್ರೆ. ಆದರೆ ಕತ್ತಲಾಗುವ ಮುನ್ನವೇ ನಿಲ್ಲಬೇಕು. ಮುಸ್ಸಂಜೆಯೆಂದರೆ ಕಾಂಗರೂಗಳು ರಸ್ತೆಗಿಳಿಯುವ ಹೊತ್ತು.

2019ರ ಡಿಸೆಂಬರ್‌ನಲ್ಲಿ ಇಲ್ಲಿ 49.9 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಹಾಗಾಗಿ ಅಲ್ಲಿನ ಚಳಿಗಾಲ, ಜೂನ್‌ನಿಂದ ಆಗಸ್ಟ್‌ವರೆಗೆ, ಪ್ರವಾಸಕ್ಕೆ ಲೇಸು. ಕುಡಿಯುವ ನೀರು ಧಾರಾಳವಾಗಿ ಜೊತೆಗಿರಲಿ. ವಾಹನ ಕೆಟ್ಟರೆ ಅದನ್ನು ಬಿಟ್ಟು ಎಲ್ಲಿಗೂ ನಡೆಯಬೇಡಿ. ಅದರ ನೆರಳೇ ಆಸರೆ.

1841ರಲ್ಲಿ ಎಡ್ವರ್ಡ್ ಐರ್ ಈ ತೀರವನ್ನು ದಾಟಿದಾಗ ಕೊನೆಯವರೆಗೂ ಜೊತೆಗಿದ್ದವನು ವೈಲಿ ಎಂಬ ಮೂಲನಿವಾಸಿ ತರುಣ. ಮರಳದಿಬ್ಬಗಳಲ್ಲಿ ಮೂಲನಿವಾಸಿಗಳು ತೋಡಿದ್ದ ಬಾವಿಗಳ ನೀರು ಪ್ರಯಾಣಿಕರ ಜೀವ ಉಳಿಸಿತು. ಹೆದ್ದಾರಿಗೆ ಐರ್‌ನ ಹೆಸರಿದೆ. ನೀರಿನ ಜಾಡು ಬಲ್ಲವರು ಮಾತ್ರ ಅವರು. ಹೋಗುವ ಅವಕಾಶ ಸಿಕ್ಕರೆ ನಿಧಾನವಾಗಿ ಹೋಗಿ. ನೀರಿನ ಕ್ಯಾನ್ ತುಂಬುವಾಗ ಅವರನ್ನೂ ನೆನೆಯಿರಿ.